ಬ್ಯಾಂಡ್ ಪಾರ್ಕಿನ ಬೆಳಕು ತಜ್ಞರು

ನಮ್ಮ ಪಕ್ಕದ ಮನೆಯ ವಾಸಪ್ಪನವರು ಕರೆಂಟು ಇಲಾಖೆಯಲ್ಲಿ ಮೂವತ್ತೊಂದು ವರ್ಷ ಮೀಟರ್ ರೀಡರ್ ಆಗಿದ್ದು ನಿವೃತ್ತರಾದವರು. ನರಸಿಂಹರಾಜಪುರದ ಯಾವ ಮನೆಯ ಮೀಟರು ಬಾಗಿಲ ಹಿಂದಿದೆ, ಯಾವುದು ಸೌದೆಯ ಹಿಂದಿದೆ, ಯಾವ ಮನೆಯ ನಾಯಿ ಬೊಗಳುವುದು, ಯಾವುದು ಬೊಗಳದೆ ಕಚ್ಚುವುದು ಎಂಬುದೆಲ್ಲ ಅವರಿಗೆ ಬಾಯಿಪಾಠ. ನಿವೃತ್ತರಾದ ಮೇಲೆ ಎರಡು ವರ್ಷ ಯಾರ ತಂಟೆಗೂ ಹೋಗದೆ ನೆಮ್ಮದಿಯಾಗಿದ್ದರು. ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಅವರ ಷಡ್ಡಕ ರೇಣುಕಪ್ಪನವರು ಕೊಪ್ಪದಿಂದ ನಮ್ಮ ಬೀದಿಗೇ ಮನೆ ಬದಲಾಯಿಸಿ, ಗೇಟಿನ ಮೇಲೆ ‘ರೇಣುಕಪ್ಪ, ಉಪ ತಹಶೀಲ್ದಾರ್ (ನಿವೃತ್ತ)’ ಎಂಬ ಹಿತ್ತಾಳೆಯ ಬೋರ್ಡು ಹಾಕಿಸಿದ ದಿನ.

ಆ ಬೋರ್ಡು ಬೆಳಗಿನ ಬಿಸಿಲಿಗೆ ಹೊಳೆದು ವಾಸಪ್ಪನವರ ಕಾಫಿ ಕುಡಿಯುವ ಜಾಗಕ್ಕೇ ನೇರವಾಗಿ ಬಡಿಯುತ್ತಿತ್ತು. ಮೂರು ದಿನ ಸಹಿಸಿದರು. ನಾಲ್ಕನೆಯ ದಿನ ಬೋರ್ಡು ಬರೆಯುವವನನ್ನು ಕರೆಸಿದರು. ‘ಮೀಟರ್ ರೀಡರ್ (ನಿವೃತ್ತ)’ ಎಂದು ಬರೆಸಿದರೆ ದಾರಿಹೋಕರು ಒಳಗೆ ಬಂದು ತಮ್ಮ ಬಿಲ್ಲು ತೋರಿಸಿ ಜಗಳ ತೆಗೆಯುತ್ತಾರೆಂಬ ಭಯ ಅವರಿಗಿತ್ತು. ಬಹಳ ಯೋಚಿಸಿ, ಯಾರಿಗೂ ಸುಳ್ಳೆನಿಸದ, ಆದರೆ ರೇಣುಕಪ್ಪನವರಿಗಿಂತ ಒಂದು ಗೇಣು ಎತ್ತರದಲ್ಲಿ ನಿಲ್ಲುವ ಪದವಿಯೊಂದನ್ನು ಕಂಡುಹಿಡಿದರು: ‘ವಾಸಪ್ಪ, ಬೆಳಕು ತಜ್ಞರು.’

ಅವರ ಹೆಂಡತಿ ದೇವಕಿ ಬೋರ್ಡನ್ನು ಎರಡು ಸಲ ಓದಿದರು.

“ಬೆಳಕು ತಜ್ಞರಾ? ಬಚ್ಚಲಮನೆ ಬಲ್ಬು ಹೋಗಿ ವಾರ ಆಯ್ತಲ್ಲ ಮಾರಾಯ್ರೆ!”

“ಅದು ಎಲೆಕ್ಟ್ರಿಷಿಯನ್ ಕೆಲ್ಸ ಮಾರಾಯ್ತಿ. ತಜ್ಞರದ್ದಲ್ಲ,” ಎಂದರು ವಾಸಪ್ಪನವರು.

ಊರಿನ ಇತಿಹಾಸದಲ್ಲಿ ಅನೇಕರು ಬೋರ್ಡುಗಳನ್ನು ಬರೆಸಿದ್ದಾರೆ. ಆದರೆ ಬರೆಸಿದ ಹದಿನೈದನೆಯ ದಿನಕ್ಕೇ ಅದನ್ನು ನಂಬಿದವರೊಬ್ಬರು ಮೈಸೂರಿನಿಂದ ಬಂದು ಗೇಟು ತಟ್ಟಿದ ಉದಾಹರಣೆ ಇದೊಂದೇ.

ಬಂದವಳು ತನ್ಮಯಿ ಎಂಬ ಹುಡುಗಿ, ಆರ್ಕಿಟೆಕ್ಟ್. ನಮ್ಮೂರಿನಲ್ಲಿ ಬ್ಯಾಂಡ್ ಪಾರ್ಕು ಎಂದು ಒಂದಿದೆ. ಮಹಾರಾಜರ ಕಾಲದ್ದಂತೆ. ನಡುವೆ ಎಂಟು ಮೂಲೆಯ ಕಲ್ಲಿನ ಜಗಲಿ, ಸುತ್ತ ಆರು ಕಲ್ಲುಬೆಂಚು, ಮೂರು ಭಾರೀ ನೇರಳೆ ಮರ. ಆ ಜಗಲಿಯ ಮೇಲೆ ಆಗ ಬ್ಯಾಂಡು ಬಾರಿಸುತ್ತಿದ್ದರು ಎಂದು ಹೇಳುತ್ತಾರೆ. ಬಾರಿಸಿದವರೂ ಈಗಿಲ್ಲ, ಕೇಳಿದವರೂ ಇಲ್ಲ. ಆ ಪಾರ್ಕಿನೊಳಗೆ ಪೇಪರು, ಪುಸ್ತಕ ಓದಲು ಒಂದು ಮಂಟಪ ಕಟ್ಟಿಸಬೇಕೆಂದು ಪಟ್ಟಣ ಪಂಚಾಯಿತಿ ಮನಸ್ಸು ಮಾಡಿತ್ತು. ಹಳೆಯ ಜಾಗಕ್ಕೆ ಹೊಸ ಕಟ್ಟಡ ಒಗ್ಗುವಂತೆ ನಕ್ಷೆ ಮಾಡಿಕೊಡುವ ಕೆಲಸ ತನ್ಮಯಿಯದು. ಪಾರ್ಕು ನೋಡಿ, ಬಸ್ಸಿಗೆಂದು ನಮ್ಮ ಬೀದಿಯಲ್ಲಿ ನಡೆದು ಹೋಗುವಾಗ ಆಕೆ ಬೋರ್ಡು ನೋಡಿದ್ದಳು.

ಆಗ ನಾನು ಬೇಲಿಯಾಚೆ ದಾಸವಾಳ ಕೊಯ್ಯುತ್ತಿದ್ದೆ. ಆದ್ದರಿಂದ ಮುಂದಿನ ಮಾತುಕತೆಗೆ ನಾನೇ ಸಾಕ್ಷಿ.

“ಸರ್, ಹೊಸ ಕಟ್ಟಡಕ್ಕೆ ನಾನು ಬೆಳಕನ್ನೇ ಮುಖ್ಯವಾಗಿ ಇಟ್ಕೊಂಡಿದ್ದೀನಿ. ಕಲ್ಲು, ಹಂಚು, ಮರ ಎಲ್ಲ ಆಮೇಲೆ. ನಿಮಗೆ ಈ ಭಾಗದ ಬೆಳಕು ಚೆನ್ನಾಗಿ ಗೊತ್ತಾ?”

“ಮೂವತ್ತೊಂದು ವರ್ಷ ಅದೇ ಕೆಲ್ಸ ಮೇಡಂ. ಮೊದ್ಲು ಹರಿಹರಪುರ, ಕಿಗ್ಗ. ಆಮೇಲೆ ಇಲ್ಲಿ. ಕಿಗ್ಗದ ಕಡೆ ಬೆಳಕು ಭಾರೀ ಕಷ್ಟ. ಮರ ಜಾಸ್ತಿ ನೋಡಿ.”

ತನ್ಮಯಿಯ ಕಣ್ಣು ಅರಳಿತು. ಪುಸ್ತಕ ತೆಗೆದು ಬರೆಯಲು ಶುರುಮಾಡಿದಳು.

“ಪಾರ್ಕಿಗೆ ಬೆಳಕು ಯಾವ ಕಡೆಯಿಂದ ಬರುತ್ತೆ ಸರ್?”

ಟ್ರಾನ್ಸ್‌ಫಾರ್ಮರ್ ಎಲ್ಲಿದೆ ಎಂಬುದು ವಾಸಪ್ಪನವರಿಗೆ ನಿದ್ದೆಯಲ್ಲೂ ಗೊತ್ತು. ಪೂರ್ವಕ್ಕೆ ಕೈ ತೋರಿಸಿ, “ಬಸ್‌ಸ್ಟ್ಯಾಂಡ್ ಕಡೆಯಿಂದ,” ಎಂದರು.

“ದಿನವಿಡೀ ಇರುತ್ತಾ?”

“ಈಗ ಚಳಿಗಾಲ, ತೊಂದ್ರೆ ಇಲ್ಲ. ಸಂಜೆ ಮೇಲೆ ಸ್ವಲ್ಪ ಡಿಮ್ ಆಗ್ತದೆ.”

“ಮಳೆಗಾಲದಲ್ಲಿ?”

“ಅದನ್ನ ಮಾತ್ರ ಕೇಳ್ಬೇಡಿ. ಜೂನಲ್ಲಿ ಒಂದು ಸಲ ಹೋದ್ರೆ ನಾಲ್ಕು ದಿನ ಮುಖಾನೇ ತೋರ್ಸಲ್ಲ.”

“ಎಷ್ಟು ಚೆನ್ನಾಗಿ ಹೇಳ್ತೀರಿ ಸರ್!”

ಹೊಗಳಿಕೆ ಕೇಳಿ ವಾಸಪ್ಪನವರಿಗೆ ಹುಮ್ಮಸ್ಸು ಬಂತು. “ಮಂಗಳವಾರ ಬೇರೆ ಉಂಟಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಇರೋದೇ ಇಲ್ಲ.”

ಪೆನ್ನು ನಿಂತಿತು. “ಮಂಗಳವಾರಾನಾ?”

“ತಿಂಗಳಿಗೆ ಎರಡು ಮಂಗಳವಾರ ಗ್ಯಾರಂಟಿ.”

ತನ್ಮಯಿ ತುಸು ಯೋಚಿಸಿ, “ರಸ್ತೆಯಲ್ಲಿ ಲಾರಿ ಏನಾದ್ರೂ ಅಡ್ಡ ನಿಲ್ಲುತ್ತಾ ಸರ್?” ಎಂದಳು.

“ನಿಲ್ತದೆ, ನಿಲ್ತದೆ. ಏಣಿ ಲಾರಿ.”

ಆಕೆ ಅದನ್ನೂ ಬರೆದುಕೊಂಡಳು. ಈಗ ನೀವು ನಗಬಹುದು. ಆದರೆ ಆ ಹೊತ್ತಿಗೆ ನನಗೂ ಏನೂ ಅನುಮಾನ ಬರಲಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಬೆಳಕು ಬಂತು ಎಂದರೆ ಕರೆಂಟು ಬಂತು ಎಂದೇ ಅರ್ಥ.

ವಾರದೊಳಗೆ ಪಂಚಾಯಿತಿಯಿಂದ ವಾಸಪ್ಪನವರಿಗೆ ಕಾಗದ ಬಂತು. ‘ಬ್ಯಾಂಡ್ ಪಾರ್ಕಿನ ಮಂಟಪದ ಗೌರವ ಬೆಳಕು ಸಲಹೆಗಾರರಾಗಿ ನಿಮ್ಮನ್ನು ನೇಮಿಸಲಾಗಿದೆ. ಒಂದು ತಿಂಗಳ ಕಾಲ ಸ್ಥಳದಲ್ಲಿದ್ದು ಬೆಳಕಿನ ಸ್ಥಿತಿಗತಿಯನ್ನು ದಾಖಲಿಸಿ ಆರ್ಕಿಟೆಕ್ಟ್ ಅವರಿಗೆ ಒಪ್ಪಿಸತಕ್ಕದ್ದು.’ ವಾಸಪ್ಪನವರು ಆ ಕಾಗದವನ್ನು ಮೊದಲು ರೇಣುಕಪ್ಪನವರ ಮನೆಗೆ ಒಯ್ದರು, ಆಮೇಲೆ ತಮ್ಮ ಮನೆಗೆ ತಂದರು.

ಪಾರ್ಕಿಗೆ ‘ಲೈಟು’ ಬರುತ್ತದೆಂಬ ಸುದ್ದಿ ಊರು ಸುತ್ತಿತು. ಪಂಚಾಯಿತಿ ಅಧ್ಯಕ್ಷ ಲಿಂಗಪ್ಪನವರು ಹೋಟೆಲಿನಲ್ಲಿ ಕೂತು, “ರಾತ್ರಿ ಕೂತ್ರೆ ಸೂಜಿಗೆ ದಾರ ಪೋಣಿಸ್ಬಹುದು, ಅಂಥ ಲೈಟು,” ಎಂದು ಘೋಷಿಸಿದರು. ಮರುದಿನದಿಂದ ವಾಸಪ್ಪನವರ ಜಗಲಿಯ ಮೇಲೆ ಅಹವಾಲು ಹಿಡಿದವರ ಸಾಲು. ಷಟಲ್ ಆಡುವವರಿಗೆ ನಾಲ್ಕು ಫೋಕಸ್ ಲೈಟು ಬೇಕು. ಹಳೇ ಹಂಚು, ಬಾಗಿಲು, ಕಿಟಕಿ ಮಾರುವ ನಿಜಾಮುದ್ದೀನ್‌ಗೆ ಪಾರ್ಕಿನ ಕಂಬದ ಬೆಳಕು ತನ್ನ ಅಂಗಡಿಯ ಮೇಲೂ ಒಂಚೂರು ಬೀಳಬೇಕು. ರೇಣುಕಪ್ಪನವರು ಮಾತ್ರ ನೇರವಾಗಿ ಕೇಳಲಾರದೆ, “ನಮ್ಮ ಗೇಟಿನ ಎದುರು ಕತ್ಲೆ ಸ್ವಲ್ಪ ಜಾಸ್ತಿಯೇ ಅಂತ ಜನ ಮಾತಾಡ್ತಾರೆ,” ಎಂದು ಹೇಳಿ ಹೋದರು. ವಾಸಪ್ಪನವರು ಎಲ್ಲರಿಗೂ “ನೋಡ್ವ, ನೋಡ್ವ,” ಎಂದು ಭರವಸೆ ಕೊಟ್ಟರು. ಮೂವತ್ತೊಂದು ವರ್ಷ ಜನ ಅವರ ಮುಖ ನೋಡಿ ಬಾಗಿಲು ಹಾಕಿಕೊಂಡದ್ದೇ ಹೆಚ್ಚು. ಈಗ ಅದೇ ಜನ ಬಾಗಿಲು ತಟ್ಟುತ್ತಿದ್ದರು.

ಮೊದಲ ವಾರದ ವರದಿ ಮೈಸೂರಿಗೆ ಹೋಯಿತು: ‘ಸೋಮವಾರ ಎರಡು ಸಲ ಹೋಯಿತು. ಮಂಗಳವಾರ ಪೂರ್ತಿ ಇಲ್ಲ. ಬುಧವಾರ ಸಂಜೆ ಮಿಣುಕು.’ ತನ್ಮಯಿ ಫೋನು ಮಾಡಿದಳು.

“ಸರ್, ತುಂಬ ಉಪಕಾರ ಆಯ್ತು. ಇನ್ಮೇಲೆ ಒಂದೊಂದು ಕಲ್ಲುಬೆಂಚಿನ ಮೇಲೂ ನೆರಳು ಎಷ್ಟು ಹೊತ್ತಿಗೆ ಬರುತ್ತೆ, ಎಷ್ಟು ಹೊತ್ತಿಗೆ ಹೋಗುತ್ತೆ ಅಂತಾನೂ ಬರೀತೀರಾ?”

ವಾಸಪ್ಪನವರು ಆಗಲಿ ಎಂದು ಫೋನಿಟ್ಟರು. ಕರೆಂಟಿಗೂ ನೆರಳಿಗೂ ಏನು ಸಂಬಂಧ? ಕೊನೆಗೆ ದೇವಕಿಯನ್ನು ಕೇಳಿದರು. ದೇವಕಿ ಅಕ್ಕಿ ಆರಿಸುತ್ತಿದ್ದರು.

“ಅವ್ಳು ಕೇಳ್ತಿರೋದು ಬಿಸಿಲು ಮಾರಾಯ್ರೆ. ಹಗಲಿನ ಬೆಳಕು.”

“ಬೆಳಕು ಅಂದ್ರೆ... ಸೂರ್ಯಂದಾ?”

“ಮತ್ತೆಂತ, ಟ್ರಾನ್ಸ್‌ಫಾರ್ಮರಿಂದಾ? ಶೃಂಗೇರಿಲಿ ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ಕಂಬ ನೋಡಿಲ್ವಾ? ಒಂದೊಂದು ತಿಂಗಳು ಒಂದೊಂದು ಕಂಬದ ಮೇಲೆ ಬಿಸಿಲು ಬೀಳ್ತದೆ ಅಂತಾರಲ್ಲ, ಅದಕ್ಕೆ ಮೀಟರ್ ರೀಡಿಂಗಿಗೆ ನೀವು ಹೋಗಿದ್ರಾ?”

ವಾಸಪ್ಪನವರ ಮುಖ ಬಚ್ಚಲಮನೆಯ ಬಲ್ಬಿನ ಹಾಗಾಯಿತು. ತಕ್ಷಣ ಮೈಸೂರಿಗೆ ಫೋನು ಮಾಡಿದರು, ತಪ್ಪೊಪ್ಪಿಕೊಳ್ಳಲು. ಆದರೆ ತನ್ಮಯಿ ಅವರಿಗೆ ಬಾಯಿ ತೆರೆಯಲು ಬಿಡಲಿಲ್ಲ. ಇಷ್ಟು ಶ್ರದ್ಧೆಯವರು ತನಗೆ ಎಲ್ಲೂ ಸಿಕ್ಕಿರಲಿಲ್ಲವೆಂದಳು. ಇದು ತಾನು ಒಬ್ಬಳೇ ಮಾಡುತ್ತಿರುವ ಮೊದಲ ಕೆಲಸವೆಂದಳು. ರಾಜ್ಯದ ಯಾವ ಮೂಲೆಗೆ ಹೋದರೂ ಹಿರಿಯರು ತನ್ನನ್ನು ಮಾತಾಡಿಸದೆ ಕಳಿಸುತ್ತಿದ್ದರು, ನೀವೊಬ್ಬರೇ ಕೂರಿಸಿ ಕಾಫಿ ಕೊಟ್ಟಿರಿ ಎಂದಳು. ಇಷ್ಟಾದ ಮೇಲೆ ಯಾವ ಮನುಷ್ಯ ತಾನೇ “ನಾನು ಹೇಳಿದ್ದು ಕರೆಂಟಿನ ಕಥೆ” ಎಂದಾನು? “ಎಲ್ಲ ಸರಿಯಾಗಿ ಬರೆದು ಪುಸ್ತಕಾನೇ ಕೈಯಲ್ಲಿ ಕೊಡ್ತೇನೆ,” ಎಂದಷ್ಟೇ ಹೇಳಿ ಫೋನಿಟ್ಟರು. ಹಳೆಯ ತಪ್ಪನ್ನೂ ಅವತ್ತೇ ಮುಖಾಮುಖಿ ಹೇಳಿದರಾಯಿತು ಎಂಬುದು ಅವರ ಲೆಕ್ಕಾಚಾರ.

ಮರುದಿನ ಬೆಳಿಗ್ಗೆ ಏಳಕ್ಕೆ ವಾಸಪ್ಪನವರು ಕುತ್ತಿಗೆಗೆ ಮಫ್ಲರ್ ಸುತ್ತಿ, ಹಳೇ ರೀಡಿಂಗ್ ಪುಸ್ತಕ ಕಂಕುಳಲ್ಲಿಟ್ಟು ಬ್ಯಾಂಡ್ ಪಾರ್ಕಿಗೆ ಹೋದರು. ಸೂರ್ಯನ ವಿಷಯದಲ್ಲಿ ಅವರಿಗೆ ಯಾವ ಅನುಭವವೂ ಇರಲಿಲ್ಲ. ಆದ್ದರಿಂದ ಗೊತ್ತಿದ್ದ ಕ್ರಮವನ್ನೇ ಅನುಸರಿಸಿದರು. ಆರು ಬೆಂಚಿಗೂ, ಜಗಲಿಯ ಎಂಟು ಮೂಲೆಗೂ ನಂಬರು ಕೊಟ್ಟರು. ಬಿಸಿಲು ಬಂದ ಹೊತ್ತು, ಹೋದ ಹೊತ್ತು, ಷರಾ. ಬೆಂಚಿನ ಮೇಲೆ ಯಾರಾದರೂ ಕೂತಿದ್ದರೆ ‘ಗ್ರಾಹಕರು’ ಎಂಬ ಕಾಲಂನಲ್ಲಿ ಅವರ ಹೆಸರು. ಮಂಜು ಕವಿದು ಸೂರ್ಯ ಕಾಣದ ದಿನ, ಬಾಗಿಲು ಹಾಕಿದ ಮನೆಗೆ ಬರೆಯುತ್ತಿದ್ದಂತೆಯೇ, ‘ಡೋರ್ ಲಾಕ್’ ಎಂದು ಬರೆದರು.

ಇವರು ಕಂಬ ನೆಡುವ ಜಾಗ ಗುರುತಿಸುತ್ತಿದ್ದಾರೆಂದು ಊರು ತಿಳಿಯಿತು. ಷಟಲ್ ಆಡುವವರು ಕಾಫಿ ತಂದುಕೊಟ್ಟರು. ನಿಜಾಮುದ್ದೀನ್ ಅಂಗಡಿಯಿಂದ ಒಂದು ಕುರ್ಚಿ ಕಳಿಸಿದ. ವಾಸಪ್ಪನವರು ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತ ಆಕಾಶ ನೋಡುವುದನ್ನು ಕಂಡು ಅಧ್ಯಕ್ಷ ಲಿಂಗಪ್ಪನವರು, “ಹೈಮಾಸ್ಟ್ ಲೈಟುಕಂಬದ ಎತ್ತರ ಅಂದಾಜು ಮಾಡ್ತಿದ್ದಾರೆ, ಮಾತಾಡಿಸ್ಬೇಡಿ,” ಎಂದು ಬೇರೆಯವರನ್ನು ದೂರ ಕಳಿಸಿದರು.

ಮೂರನೇ ನಂಬರಿನ ಬೆಂಚಿಗೆ ಮಾತ್ರ ದಿನವೂ ಒಬ್ಬರೇ ಗ್ರಾಹಕರು. ರಹೀಮುನ್ನೀಸಾ ಎಂಬ ಎಪ್ಪತ್ತು ದಾಟಿದ ಹೆಂಗಸು, ನಿಜಾಮುದ್ದೀನ್‌ನ ತಾಯಿ. ಎಂಟು ಗಂಟೆಯ ಹೊತ್ತಿಗೆ ನಿಧಾನವಾಗಿ ಕಾಲೆಳೆದುಕೊಂಡು ಬಂದು, ಬೆಂಚಿನ ತುದಿಯಲ್ಲಿ ಕೂತು, ಮಂಡಿ ಎರಡನ್ನೂ ಬಿಸಿಲಿಗೆ ಚಾಚಿ ಕಣ್ಣು ಮುಚ್ಚಿದರೆ, ಬಿಸಿಲು ಜಾರುವ ತನಕ ಏಳುತ್ತಿರಲಿಲ್ಲ.

“ಎಂತಕ್ಕೆ ಇಲ್ಲೇ ಬರ್ತೀರಿ ಅಮ್ಮ? ನಿಮ್ಮನೆ ಅಂಗಳದಲ್ಲಿ ಬಿಸಿಲಿಲ್ವಾ?” ಎಂದು ಒಂದು ದಿನ ವಾಸಪ್ಪನವರು ಕೇಳಿದರು.

“ಅಂಗಳದ ತುಂಬ ಹಂಚು ಪೇರಿಸಿದ್ದಾನೆ ಮಗ. ಬಿಸಿಲು ಬೀಳೋಕೆ ಜಾಗ ಎಲ್ಲಿ ಮೀಟ್ರಣ್ಣ? ಚಳಿಗಾಲ ಪೂರ್ತಿ ಊರಲ್ಲಿ ಈ ಹೊತ್ತಿಗೆ ಬಿಸಿಲಿರೋದು ಇದೊಂದೇ ಕಲ್ಲಿಗೆ. ಹುಡುಕಿ ಇಟ್ಕೊಂಡಿದ್ದೀನಿ. ಯಾರಿಗೂ ಹೇಳ್ಬೇಡಿ.”

ವಾಸಪ್ಪನವರು ಯಾರಿಗೂ ಹೇಳಲಿಲ್ಲ. ಪುಸ್ತಕದಲ್ಲಿ ಬರೆದರು.

ಜನವರಿಯಲ್ಲಿ ಪಂಚಾಯಿತಿ ಸಭಾಂಗಣದಲ್ಲಿ ನಕ್ಷೆಯ ಪ್ರದರ್ಶನ. ತನ್ಮಯಿಯ ಬಸ್ಸು ಎರಡು ತಾಸು ತಡವಾಗಿ, ಆಕೆ ನೇರವಾಗಿ ವೇದಿಕೆಗೇ ಬಂದಳು. ಪುಸ್ತಕ ಹಿಡಿದು ಬಾಗಿಲಲ್ಲಿ ಕಾದಿದ್ದ ವಾಸಪ್ಪನವರಿಗೆ, “ಆಮೇಲೆ ತಗೋತೀನಿ ಸರ್,” ಎಂದು ಕೈ ಮುಗಿದು ಒಳಗೆ ಓಡಿದಳು. ಪುಸ್ತಕವೂ ತಪ್ಪೊಪ್ಪಿಗೆಯೂ ವಾಸಪ್ಪನವರ ಹತ್ತಿರವೇ ಉಳಿದವು.

ತನ್ಮಯಿ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಹೋದಳು. ಜಂಬಿಟ್ಟಿಗೆಯ ಗೋಡೆ, ಸುಣ್ಣದ ಗಾರೆ. ನೇರಳೆ ಮರದ ಒಂದು ಕೊಂಬೆಯನ್ನೂ ಕಡಿಯದೆ ಬಾಗಿದ ಮಾಡು. ಮಾಡಿಗೆ ಹಳೇ ಹಂಚು, ನಡುನಡುವೆ ಗಾಜಿನ ಹಂಚು. ಕಟ್ಟಡ ಕಲ್ಲಿನ ಜಗಲಿಗಿಂತ ಎತ್ತರವಾಗಬಾರದು, ಹಿರಿಯರ ಎದುರು ಕಿರಿಯರು ಕೂತ ಹಾಗಿರಬೇಕು ಎಂದಳು. ಜನ ತಲೆದೂಗಿದರು.

“ಹಗಲು ಹೊತ್ತಿಗೆ ಇದಕ್ಕೆ ಒಂದು ಬಲ್ಬೂ ಬೇಡ,” ಎಂದಳು.

ತಲೆದೂಗುವುದು ನಿಂತಿತು.

“ಫೋಕಸ್ ಲೈಟು?” ಎಂದರು ಷಟಲ್ ಆಡುವವರು.

“ಹೈಮಾಸ್ಟು?” ಎಂದರು ಲಿಂಗಪ್ಪನವರು.

ಗಾಬರಿಯಾದ ತನ್ಮಯಿ ಎಲ್ಲವನ್ನೂ ವೈಜ್ಞಾನಿಕವಾಗಿ ವಿವರಿಸಲು ಮುಂದಿನ ಚಿತ್ರ ಹಾಕಿದಳು. ಅದೊಂದು ಪಟ್ಟಿ. ಮೇಲೆ ದಪ್ಪ ಅಕ್ಷರದಲ್ಲಿ ‘ವಾರದ ಸಹಜ ಬೆಳಕು’ ಎಂದಿತ್ತು. ಆರು ದಿನಕ್ಕೆ ಹಳದಿ ಬಣ್ಣ, ಮಂಗಳವಾರಕ್ಕೆ ಮಾತ್ರ ಕಡುಗಪ್ಪು. “ಸ್ಥಳೀಯ ತಜ್ಞರ ಪ್ರಕಾರ, ಮಂಗಳವಾರ ಇಲ್ಲಿ ಹತ್ತರಿಂದ ಐದರವರೆಗೆ ಬೆಳಕು ಇರಲ್ಲ...”

ಹಿಂದಿನ ಸಾಲಿನಿಂದ ಯಾರೋ, “ಅದು ಲೈನ್ ರಿಪೇರಿ ಮೇಡಂ! ಸೂರ್ಯಂಗೆ ರಿಪೇರಿ ಇಲ್ಲ!” ಎಂದು ಕೂಗಿದರು. ಸಭಾಂಗಣ ಬಿದ್ದುಬಿದ್ದು ನಕ್ಕಿತು. ರೇಣುಕಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತನ್ಮಯಿ ಪಟ್ಟಿಯನ್ನು ನೋಡಿದಳು, ಜನರನ್ನು ನೋಡಿದಳು. ಲಿಂಗಪ್ಪನವರು ಎದ್ದು, “ಸೂರ್ಯ ಯಾವಾಗ ಹುಟ್ತಾನೆ ಅಂತ ಗೊತ್ತಿಲ್ಲದವ್ರ ಕೈಲಿ ಮಂಟಪ ಯಾಕೆ? ಈ ನಕ್ಷೆ ಬಿಡುವ. ನಾಲ್ಕು ಕಾಂಕ್ರೀಟ್ ಕಂಬ, ಮೇಲೆ ಶೀಟು, ಒಂದು ಹೈಮಾಸ್ಟು, ಮುಗೀತು,” ಎಂದರು. ಚಪ್ಪಾಳೆ ಬಿತ್ತು.

ಆಗ ವಾಸಪ್ಪನವರು ಎದ್ದು ನಿಂತರು.

“ನಾನು ತಜ್ಞ ಅಲ್ಲ,” ಎಂದರು. “ಮೀಟರ್ ರೀಡರ್. ನಿಮಗೆಲ್ಲ ಗೊತ್ತಿರೋದೆ. ಮೇಡಂ ಬೆಳಕು ಅಂದಾಗ ನಂಗೆ ಕಂಬ ಕಾಣ್ತು, ಕರೆಂಟಿನ ಕಥೆ ಹೇಳ್ದೆ. ಆಮೇಲೆ ಗೊತ್ತಾದ್ರೂ ಬಾಯಿ ಬರ್ಲಿಲ್ಲ. ತಪ್ಪು ನಂದು, ಆ ಹುಡುಗಿದಲ್ಲ. ಮಂಗಳವಾರಾನೂ ನಂದೇ.”

ನಗು ಮತ್ತೆ ಶುರುವಾಯಿತು. ವಾಸಪ್ಪನವರು ಕೂರಲಿಲ್ಲ. ಪುಸ್ತಕ ತೆರೆದರು.

“ಆದ್ರೆ ಇದು ನಾನು ಕಣ್ಣಾರೆ ನೋಡಿ ಬರ್ದಿದ್ದು. ಮೇಡಂ, ನಿಮ್ಮ ನಕ್ಷೆಲಿ ಒಂದು ತಪ್ಪುಂಟು, ಅದೂ ನಾನು ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ಲ. ನಿಮ್ಮ ಮಂಟಪದ ಗೋಡೆ ಮೂರನೇ ಬೆಂಚಿನ ಬಿಸಿಲಿಗೆ ಅಡ್ಡ ಬರ್ತದೆ. ಕೇಳಿ. ಬೆಂಚು ನಂಬರು ಮೂರು. ಡಿಸೆಂಬರ್ ಒಂಬತ್ತು: ಬಂದಿದ್ದು ಎಂಟು ಹತ್ತು, ಹೋಗಿದ್ದು ಒಂಬತ್ತು ಐವತ್ತು. ಗ್ರಾಹಕರು, ರಹೀಮುನ್ನೀಸಮ್ಮ. ಡಿಸೆಂಬರ್ ಹತ್ತು: ಎಂಟು ಹನ್ನೊಂದು, ಒಂಬತ್ತು ಐವತ್ತು. ರಹೀಮುನ್ನೀಸಮ್ಮ. ಹನ್ನೊಂದು: ಡೋರ್ ಲಾಕ್. ರಹೀಮುನ್ನೀಸಮ್ಮ ಬಂದು, ಅರ್ಧ ಗಂಟೆ ಕಾದು, ವಾಪಸ್ ಹೋದ್ರು. ಹನ್ನೆರಡು...”

ಮೂವತ್ತು ದಿನವನ್ನೂ ಅವರು ಬಿಡದೆ ಓದಿದರು. ಮೀಟರ್ ರೀಡರನಿಗೆ ಒಂದು ಮನೆಯನ್ನೂ ಬಿಡುವ ಅಭ್ಯಾಸವಿರುವುದಿಲ್ಲ. ಹತ್ತನೇ ದಿನಕ್ಕೆ ನಗು ಕಡಿಮೆಯಾಯಿತು. ಇಪ್ಪತ್ತನೇ ದಿನಕ್ಕೆ ಸಭಾಂಗಣದಲ್ಲಿ ಅವರ ದನಿಯೊಂದೇ ಇತ್ತು.

ಓದಿ ಮುಗಿದಾಗ ನಿಜಾಮುದ್ದೀನ್ ಎದ್ದ. ಅವನು ಬಂದದ್ದು ಅಂಗಡಿಯ ಮೇಲೆ ಬೀಳುವ ಲೈಟಿನ ಬಗ್ಗೆ ವಿಚಾರಿಸಲು.

“ನಾನು ಅಂಗಡಿ ತೆಗೆಯೋದು ಹತ್ತಕ್ಕೆ. ಅಮ್ಮ ದಿನಾ ಬೆಳಿಗ್ಗೆ ಎಲ್ಲಿ ಹೋಗ್ತಾಳೆ ಅಂತ ಕೇಳಿದ್ರೆ ಹೇಳ್ತಿರ್ಲಿಲ್ಲ,” ಎಂದ. “ಅಂಗಳದಲ್ಲಿ ಹಂಚು ಪೇರ್ಸಿದ್ದು ನಾನೇ.” ಆಮೇಲೆ ತನ್ಮಯಿಯ ಕಡೆ ತಿರುಗಿದ. “ಮಾಡಿಗೆ ಎಷ್ಟು ಹಳೇ ಹಂಚು ಬೇಕು ಮೇಡಂ? ಎಲ್ಲ ನಾನು ಕೊಡ್ತೀನಿ. ನಾಳೆನೇ ತೆಗೀರಿ. ಅಂಗಳ ಖಾಲಿಯಾಗ್ಲಿ.”

ತನ್ಮಯಿ ವೇದಿಕೆಯಿಂದ ಇಳಿದು ಬಂದು ಪುಸ್ತಕ ಇಸಕೊಂಡಳು. ಪುಟ ತಿರುವಿದಳು. ಆಮೇಲೆ ಅಲ್ಲೇ, ಎಲ್ಲರ ಎದುರು, ನಕ್ಷೆಯನ್ನು ನೆಲದ ಮೇಲೆ ಹಾಸಿ, ಪೆನ್ಸಿಲ್ಲಿನಿಂದ ಮಂಟಪವನ್ನು ಹನ್ನೊಂದು ಅಡಿ ಹಿಂದಕ್ಕೆ ಎಳೆದಳು. ಮುಂದಿನ ಸಾಲಿನವರು ಬಗ್ಗಿ ನೋಡಿದರು. ಹಿಂದಿನ ಸಾಲಿನವರು ಕುರ್ಚಿ ಹತ್ತಿ ನೋಡಿದರು. ‘ನಮ್ಮಜ್ಜಿ ಕೂರೋದು ಐದನೇ ಬೆಂಚಿನ ಹತ್ರ, ಅದಕ್ಕೆ ಎಂಥ ಆಗ್ತದೆ?’ ಎಂದು ಒಬ್ಬರು ಕೇಳಿದರು. ವಾಸಪ್ಪನವರು ಪುಸ್ತಕ ನೋಡಿ ಉತ್ತರ ಕೊಟ್ಟರು. ಇನ್ನೊಬ್ಬರು ಕೇಳಿದರು. ಸಭೆ ಒಂದೂವರೆ ಗಂಟೆ ನೆಲದ ಮೇಲೇ ನಡೆಯಿತು.

ಗಾಳಿ ಎತ್ತ ಬೀಸುತ್ತಿದೆ ಎಂದು ಕಂಡ ಲಿಂಗಪ್ಪನವರು, “ನಾನೂ ಮೊದ್ಲಿಂದ ಇದನ್ನೇ ಹೇಳ್ತಾ ಬಂದಿದ್ದೆ,” ಎಂದರು. ಷಟಲ್ ಆಡುವವರಿಗೆ ಶಾಲೆಯ ಮೈದಾನದಲ್ಲಿ ಎರಡು ಲೈಟು ಕೊಡುವುದೆಂದು ತೀರ್ಮಾನವಾಯಿತು.

ಮಳೆಗಾಲದಲ್ಲಿ ಕೆಲಸ ನಿಂತು, ಮತ್ತೆ ಶುರುವಾಗಿ, ಮುಂದಿನ ಡಿಸೆಂಬರಿಗೆ ಮಂಟಪ ಎದ್ದು ನಿಂತಿತು. ಊರಲ್ಲಿ ಬಿಚ್ಚಿದ ಹತ್ತಾರು ಮನೆಗಳ ಹಂಚು ಅದರ ಮೇಲಿದೆ. ಒಂದೊಂದರದು ಒಂದೊಂದು ಕೆಂಪು. ಗಾಜಿನ ಹಂಚಿನಿಂದ ಇಳಿಯುವ ಬೆಳಕು ನೇರಳೆ ಎಲೆಯ ನೆರಳನ್ನೂ ಜೊತೆಗೆ ಕರೆದುಕೊಂಡು ಬಂದು ನೆಲದ ಮೇಲೆ ಅಲುಗಾಡುತ್ತದೆ. ಮೂರನೇ ಬೆಂಚು ಇದ್ದಲ್ಲೇ ಇದೆ.

ಉದ್ಘಾಟನೆಯ ದಿನ ವಂದನಾರ್ಪಣೆಗೆ ವಾಸಪ್ಪನವರನ್ನು ಹಾಕಿದ್ದರು. ಅದು ಸಂಘಟಕರ ಅನನುಭವ. ವಾಸಪ್ಪನವರು ಪುಸ್ತಕ ಹಿಡಿದು ಎದ್ದರು. ತನ್ಮಯಿಗೆ ವಂದಿಸಿದರು, ತನ್ನಂಥವನನ್ನು ನಂಬಿದ್ದಕ್ಕೆ. ರಹೀಮುನ್ನೀಸಾ ಅವರಿಗೆ ವಂದಿಸಿದರು, ಬಿಸಿಲು ಓದುವುದನ್ನು ಕಲಿಸಿದ್ದಕ್ಕೆ. ನಿಜಾಮುದ್ದೀನ್‌ಗೆ, ಗಾರೆಯವರಿಗೆ, ಬಡಗಿಗಳಿಗೆ ಹೆಸರು ಹೆಸರು ಹಿಡಿದು ವಂದಿಸಿದರು. ಕಲ್ಲು ಕೆತ್ತಿ, ಹೆಸರು ಬರೆಯದೆ ಹೋದ ಮಹಾರಾಜರ ಕಾಲದ ಕುಶಲಕರ್ಮಿಗಳಿಗೆ ವಂದಿಸಿದರು. ಮೂರು ನೇರಳೆ ಮರಗಳಿಗೆ ಬೇರೆ ಬೇರೆಯಾಗಿ ವಂದಿಸಿದರು. ಅವರು ಶುರುಮಾಡಿದಾಗ ವೇದಿಕೆಯ ಬುಡದಲ್ಲಿದ್ದ ಗಾಜಿನ ಹಂಚಿನ ಬೆಳಕು ನಿಧಾನವಾಗಿ ಸರಿಯುತ್ತ ಮೊದಲ ಸಾಲು ದಾಟಿ, ಎರಡನೇ ಸಾಲಿನಲ್ಲಿ ನಿದ್ದೆ ಹೋಗಿದ್ದ ರೇಣುಕಪ್ಪನವರ ಮುಖದ ಮೇಲೆ ಬಿತ್ತು. ಅವರು ಬೆಚ್ಚಿ ಎದ್ದು, ಮುಗಿಯಿತೆಂದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿದರು. ಜನರೆಲ್ಲ ಆ ಅವಕಾಶವನ್ನು ಕೈಬಿಡದೆ ಎದ್ದು ನಿಂತು ತಟ್ಟಿದರು. ಹಾಗಾಗಿ ಸಭೆ ಮುಕ್ತಾಯವಾಯಿತು.

ಸಂಜೆ ನಾಲ್ಕರ ಹೊತ್ತಿಗೆ ವಾಸಪ್ಪನವರೂ ದೇವಕಿಯೂ ಮನೆಗೆ ಹೊರಟರು. ನಾನು ಹತ್ತು ಹೆಜ್ಜೆ ಹಿಂದಿದ್ದೆ.

“ಮರಕ್ಕೆ ಸಹಿತ ಥ್ಯಾಂಕ್ಸ್ ಹೇಳಿದ್ರಿ,” ಎಂದರು ದೇವಕಿ. “ನನ್ನ ಹೆಸರೇ ಬರ್ಲಿಲ್ಲ.”

ವಾಸಪ್ಪನವರು ನಿಂತರು. “ನಿಂಗೆ ಶುರು ಮಾಡಿದ್ರೆ ಅಲ್ಲೇ ಕತ್ಲಾಗ್ತಿತ್ತು ಮಾರಾಯ್ತಿ.”

ದೇವಕಿ ಸೆರಗು ಸರಿಮಾಡಿಕೊಂಡರು. ನಾಲ್ಕು ಹೆಜ್ಜೆ ನಡೆದ ಮೇಲೆ ಹೇಳಿದರು: “ಹಾಗಾದ್ರೆ ಈಗ ಶುರು ಮಾಡಿ. ಇನ್ನೂ ಬಿಸಿಲುಂಟು.”

ನಾನು ಮರ್ಯಾದಸ್ಥ. ನಡಿಗೆ ನಿಧಾನ ಮಾಡಿದೆ. ಆದ್ದರಿಂದ ಅವರು ಏನು ಹೇಳಿದರೆಂದು ನನಗೆ ತಿಳಿಯದು. ಆದರೆ ಅವರಿಬ್ಬರೂ ತಮ್ಮ ಮನೆಯ ಗೇಟು ಬಂದರೂ ಒಳಗೆ ಹೋಗದೆ, ಅದನ್ನು ದಾಟಿ, ಬೀದಿಯ ಆ ತುದಿಯವರೆಗೂ ಮಾತಾಡುತ್ತ ನಡೆದು ಹೋದದ್ದನ್ನು ಮಾತ್ರ ನೋಡಿದೆ.